ಹಲ್ಲು ಮೇಸ್ತ್ರಿ ಕಟ್ಟಿದ ಕಾಡಿನ ಮನೆ

ಊರಿನ ದಂತವೈದ್ಯರೆಲ್ಲ ಹಲ್ಲು ಕೀಳುತ್ತಿದ್ದರು, ಕಟ್ಟುತ್ತಿದ್ದವನು ಇವನೊಬ್ಬನೇ. ವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸಿದರೆ, ಮನೆಯ ಮುಂದಿನ ಕೋಣೆಯಲ್ಲಿ ಕೂತು ಅದಕ್ಕೆ ತಕ್ಕ ಹಲ್ಲಿನ ಸೆಟ್ಟು ಮಾಡಿಕೊಡುವುದು ಅವನ ಕಸುಬು. ಬೀದಿಯವರ ಬಾಯಲ್ಲಿ ಅವನು ಹಲ್ಲು ಮೇಸ್ತ್ರಿ. ಆ ಬಾಯಿಗಳಲ್ಲಿ ಅರ್ಧಕ್ಕರ್ಧ ಅವನದೇ ಕೈಕೆಲಸವಿದ್ದುದರಿಂದ ಹೆಸರು ಬೇಗ ನಿಂತಿತು. ಅವನ ಸ್ವಂತ ಹಲ್ಲುಗಳು ಮಾತ್ರ ಅಷ್ಟಕ್ಕಷ್ಟೆ. ಯಾರಾದರೂ ಕೇಳಿದರೆ, "ಬಿಡುವಾದಾಗ ನೋಡ್ಕೋತೀನಿ" ಎನ್ನುತ್ತಿದ್ದ.

ಬಿಡುವಾದಾಗ ಅವನು ನೋಡಿಕೊಳ್ಳುತ್ತಿದ್ದದ್ದು ಬೊಂಬೆಗಳನ್ನು. ಬೊಂಬೆ ಅಂದರೆ ಅವನಿಗೆ ಸಿಟ್ಟು ಬರುತ್ತಿತ್ತು, ಆಕ್ಷನ್ ಫಿಗರ್ ಅನ್ನಬೇಕು. ಅರ್ಧ ಅಡಿ ಎತ್ತರದ, ಕತ್ತು, ಮೊಣಕೈ, ಮೊಣಕಾಲು ಎಲ್ಲ ಮಡಚುವ ಏಳು ಮಂದಿ ಗಾಜಿನ ಕಪಾಟಿನಲ್ಲಿದ್ದರು. ಒಬ್ಬ ಸೈನಿಕ, ಕೆಂಪು ಹೊದಿಕೆ ತೊಟ್ಟು ಆಕಾಶಕ್ಕೆ ಹಾರಬಲ್ಲ ಒಬ್ಬ, ಮುಖವಾಡದವನೊಬ್ಬ, ಮೈಯೆಲ್ಲ ತೋಳೇ ಆಗಿರುವ ಒಬ್ಬ ಜಟ್ಟಿ, ಒಂದು ರೋಬೋಟು, ಗಾಜಿನ ಶಿರಸ್ತ್ರಾಣದ ಬಾಹ್ಯಾಕಾಶದ ಹೆಂಗಸು, ಬಿಲ್ಲು ಹಿಡಿದ ಇನ್ನೊಬ್ಬಳು.

ಒಂದು ಭಾನುವಾರ ಹೆಂಡತಿ ಕಪಾಟಿನ ಗಾಜು ಒರೆಸುತ್ತಾ, "ಪಾಪ, ಮದುವೆ ಆದಾಗಿಂದ ನೋಡ್ತಿದೀನಿ, ನಿಂತೇ ಇದಾರೆ, ಬಸ್ಸಿಗೆ ಕಾಯೋರ ಥರ. ಒಂದು ಕುರ್ಚಿನಾದ್ರೂ ಹಾಕಬಾರದಾ ಇವರಿಗೆ?" ಎಂದಳು. ಅವಳು ಔಷಧಿ ಅಂಗಡಿಯಲ್ಲಿ ದಿನವಿಡೀ ನಿಂತು ಕೆಲಸ ಮಾಡುವವಳು. ನಿಂತವರ ಕಷ್ಟ ಬಲ್ಲವಳು. ಆದರೂ ಅವಳು ಅಂದದ್ದು ಕುಹಕಕ್ಕೆ. ಅವನು ಅದನ್ನು ಅಪ್ಪಣೆ ಎಂದುಕೊಂಡ.

ಕುರ್ಚಿ ಮಾಡಿದ. ಕುರ್ಚಿ ಇದ್ದ ಮೇಲೆ ಮೇಜು ಬೇಡವೇ, ಮೇಜು ಮಾಡಿದ. ಮೇಜು ಗಾಜಿನ ಮೇಲೆ ಜಾರುತ್ತದೆಂದು ಹಲಗೆಯ ನೆಲ ಹಾಸಿದ. ನೆಲ ಹಾಸಿದ ಮೇಲೆ ಸುತ್ತಲೂ ಬಯಲು ಬಯಲಾಗಿರುವುದು ಕಣ್ಣಿಗೆ ಹೊಡೆಯತೊಡಗಿತು. ಹೀಗೆ, ದಟ್ಟ ಕಾಡಿನ ನಡುವೆ ಇರಬಹುದಾದಂಥ ಒಂದು ಮರದ ದಿಮ್ಮಿಗಳ ಮನೆ, ಅಡಿಗೊಂದು ಅಂಗುಲದ ಅಳತೆಯಲ್ಲಿ, ಮುಂದಿನ ಕೋಣೆಯ ಇಸ್ತ್ರಿ ಮೇಜಿನ ಮೇಲೆ ಏಳತೊಡಗಿತು. ಗಂಡ ಹೆಂಡತಿ ಇಬ್ಬರೂ ಅಂದಿನಿಂದ ಸುಕ್ಕು ಬಟ್ಟೆಯಲ್ಲೇ ಓಡಾಡಿದರು.

ದಿಮ್ಮಿಗಳಿಗೆ ಪಾರ್ಕಿನಲ್ಲಿ ಮರ ಸವರಿದಾಗ ಬಿದ್ದ ಕಡ್ಡಿಗಳನ್ನು ಆರಿಸಿ ತಂದ. ಹುಳು ಬೀಳಬಾರದೆಂದು ಅವನ್ನು ಬಾಣಲೆಯಲ್ಲಿ ಹಾಕಿ ಹದವಾಗಿ ಹುರಿದ. ಪಕ್ಕದ ಮನೆಯಾಕೆ ವಾಸನೆ ಹಿಡಿದು ಬಂದು, "ಏನು ಮಾಡ್ತಿದೀರಿ, ಘಮ್ ಅಂತಿದೆ" ಎಂದು ಇಣುಕಿದರು. "ಕಡ್ಡಿ" ಎಂದ ಅವನು. ಆಕೆ ಸ್ವಲ್ಪ ಹೊತ್ತು ನಿಂತು, ರುಚಿ ನೋಡಲು ಕೊಡದೆ ಇರುವುದಕ್ಕೆ ಇದೊಂದು ನೆಪವೆಂದುಕೊಂಡು ಬೇಸರದಿಂದ ಹೋದರು.

ಹಲ್ಲು ಕೊರೆಯುವ ಸಣ್ಣ ಡ್ರಿಲ್ಲಿನಿಂದ ಹಲಗೆಗಳ ಮೇಲೆ ಮರದ ಎಳೆ ಮೂಡಿಸಿದ. ಸೆಟ್ಟಿಗೆ ಹಾಕುವ ತಂತಿಯಿಂದ ಬಾಗಿಲಿಗೆ ತಿರುಗುವ ತಿರುಗಣೆ ಮಾಡಿದ. ಐಸ್‌ಕ್ರೀಮ್ ಕಡ್ಡಿ ಕತ್ತರಿಸಿ ಛಾವಣಿ ಹೊದಿಸಿದ. ನೀರಿನ ಟ್ಯಾಂಕಿನ ಗೋಡೆಯಿಂದ ಪಾಚಿ ಕೆರೆದು ಒಣಗಿಸಿ ಛಾವಣಿಯ ಒಂದು ಮೂಲೆಗೆ ಅಂಟಿಸಿದ. ತೊಡಕಾದದ್ದು, ಚಳಿ ಕಾಯಿಸಲು ಗೋಡೆಯಲ್ಲಿ ಬಿಟ್ಟಿದ್ದ ಬೆಂಕಿಗೂಡಿನ ಕಲ್ಲುಗಳಿಗೆ. ಜಲ್ಲಿ ತಂದು ನೋಡಿದ, ದಪ್ಪವಾಯಿತು. ಪ್ಲಾಸ್ಟರ್ ಒಡೆದು ನೋಡಿದ, ಬಿಸ್ಕತ್ತಿನ ಚೂರಿನಂತೆ ಕಂಡಿತು. ಕೊನೆಗೆ ಮೇಜಿನ ಮೇಲೆ ಬಿದ್ದಿದ್ದ ಒಂದು ದವಡೆ ಹಲ್ಲನ್ನು ಎತ್ತಿ ಹಿಡಿದು ನೋಡಿದ. ಉಬ್ಬು, ತಗ್ಗು, ಸವೆದ ಅಂಚು, ಬಂಡೆಯೇ. ಉಳಿಕೆ ಹಲ್ಲುಗಳನ್ನೆಲ್ಲ ಒಂದರ ಪಕ್ಕ ಒಂದು ಕೂರಿಸಿ ಬೂದು ಬಣ್ಣ ಬಳಿದ. ಅವು ಸಾಲದಾದಾಗ, ಗಿರಾಕಿಗಳು ಸರಿಬರಲಿಲ್ಲವೆಂದು ಹಿಂದಿರುಗಿಸಿದ್ದ ಸೆಟ್ಟುಗಳ ಡ್ರಾಯರಿಗೆ ಕೈ ಹಾಕಿದ. ಅದರಲ್ಲಿ ಅವನ ಅತ್ತೆಯ ಸೆಟ್ಟೂ ಇತ್ತು.

ಅತ್ತೆಯ ವಿಷಯ ಇಲ್ಲಿ ಹೇಳಲೇಬೇಕು. ಅವರು ಬಸ್ ನಿಲ್ದಾಣದ ಎದುರಿನ ಒಂದು ಲಾಡ್ಜಿನ ಮ್ಯಾನೇಜರಾಗಿ ವಯಸ್ಸೆಲ್ಲ ಕಳೆದವರು. ಯಾರು ಎರಡು ದಿನ ಇರುತ್ತಾರೆ, ಯಾರು ಬಕೆಟ್ಟು ಹೊತ್ತುಕೊಂಡು ಪರಾರಿಯಾಗುತ್ತಾರೆ ಎಂಬುದನ್ನು ಮೆಟ್ಟಿಲು ಹತ್ತುವ ಸದ್ದಿನಲ್ಲೇ ಹೇಳುತ್ತಿದ್ದರು. ನಿವೃತ್ತಿಯ ದಿನದ ಬೀಳ್ಕೊಡುಗೆಗೆಂದು ಅಳಿಯನ ಕೈಲಿ ಹೊಸ ಸೆಟ್ಟು ಮಾಡಿಸಿಕೊಂಡಿದ್ದರು. ಪ್ರಾಯದಲ್ಲಿ ಒಂದು ಚಿನ್ನದ ಹಲ್ಲು ಇತ್ತಂತೆ. ಇದರಲ್ಲೂ ಒಂದು ದವಡೆ ಹಲ್ಲಿಗೆ ಚಿನ್ನದ ತಗಡು ಹೊದಿಸಬೇಕೆಂದು ಹಟ ಹಿಡಿದು ಹಾಕಿಸಿದ್ದರು. ಅಂದು ಮೈಕಿನ ಮುಂದೆ ನಿಂತು, "ಸುಸಜ್ಜಿತ ಸಂಸ್ಥೆಯಲ್ಲಿ ಸೇವೆ ಸಲ್ಲಿಸಿದ ಸಂತೋಷ" ಎಂದು ಶುರು ಮಾಡಿದ್ದೇ ತಡ, ಒಂದೊಂದು ಸಕಾರಕ್ಕೂ ಒಂದೊಂದು ಶಿಳ್ಳೆ ಹೊರಟಿತು. ಧ್ವನಿವರ್ಧಕ ಹೊರಗಿನ ನಿಲ್ದಾಣದ ಕಡೆಗೆ ಮುಖ ಮಾಡಿತ್ತು. ಕಂಡಕ್ಟರೇ ಶಿಳ್ಳೆ ಹಾಕಿದನೆಂದು ತಿಳಿದು ಒಬ್ಬ ಡ್ರೈವರು ಅರ್ಧ ಜನರನ್ನು ಕೆಳಗೇ ಬಿಟ್ಟು ಬಸ್ಸು ಹೊರಡಿಸಿಬಿಟ್ಟ.

ಆ ಸಂಜೆ ಅತ್ತೆ ಮಗಳ ಕೈಗೆ ಸೆಟ್ಟು ಕೊಟ್ಟು, "ನಿನ್ನ ಗಂಡನಿಗೆ ಕೊಡು, ಅವರೇ ಊದಿಕೊಳ್ಳಲಿ" ಎಂದರು. ಅಲ್ಲಿಂದ ಅಳಿಯನ ಜೊತೆ ನೇರ ಮಾತಿಲ್ಲ. ಒಂದೇ ಕೋಣೆಯಲ್ಲಿದ್ದರೂ "ಅವರಿಗೆ ಹೇಳು" ಎಂದು ಇವರು, "ಅತ್ತೆಗೆ ಹೇಳು" ಎಂದು ಅವನು. ನಡುವೆ ಮಗಳು ಅಂಚೆ ಕಚೇರಿ.

ಆಮೇಲೆ ಅವರು ಊರಿನ ಆಚೆ ತುದಿಯ ಒಬ್ಬ ದಂತವೈದ್ಯರ ಹತ್ತಿರ ಹೋಗಿ ಬೇರೆ ಸೆಟ್ಟು ಮಾಡಿಸಿಕೊಂಡರು. ಆ ವೈದ್ಯರೂ ಅಚ್ಚನ್ನು ಕಳಿಸಿದ್ದು ಹಲ್ಲು ಮೇಸ್ತ್ರಿಗೇ. ಅಚ್ಚಿನ ಪೊಟ್ಟಣ ಬಿಚ್ಚಿದ ಕೂಡಲೇ ಅವನು ಹೆಂಡತಿಯನ್ನು ಕರೆದು, "ನಿಮ್ಮಮ್ಮ ಬಂದಿದಾರೆ" ಎಂದ. ಮೈಯೆಲ್ಲ ಕಣ್ಣಾಗಿ ಸೆಟ್ಟು ಮಾಡಿ ಕಳಿಸಿದ, ಬಾಯಿ ಬಿಡಲಿಲ್ಲ. ಅತ್ತೆ ಮನೆಗೆ ಬಂದಾಗಲೆಲ್ಲ ಅದನ್ನು ಟಕಟಕ ಕಡಿದು ತೋರಿಸಿ, "ಹಲ್ಲು ಅಂದ್ರೆ ಹೀಗಿರಬೇಕು ಅಂತ ಅವರಿಗೆ ಹೇಳು" ಎನ್ನುತ್ತಿದ್ದರು. ಹೆಂಡತಿ ಅಡುಗೆಮನೆಗೆ ಹೋಗಿ ನಕ್ಕು ಬರುತ್ತಿದ್ದಳು.

ಈಗ ಬೆಂಕಿಗೂಡಿಗೆ ಆ ಶಿಳ್ಳೆಯ ಸೆಟ್ಟನ್ನು ಬಿಡಿಸಿ ಹಾಕಿದ್ದು ಸೇಡಿಗೆ ಎಂದು ಹೆಂಡತಿ, ಆಕಾರ ಚೆನ್ನಾಗಿತ್ತೆಂದು ಅವನು. ಚಿನ್ನದ ಹಲ್ಲಿಗೆ ಮಾತ್ರ ಬಣ್ಣ ಬಳಿಯಲಿಲ್ಲ. ಬೆಂಕಿಯಂತೆ ಉರಿಯಲೆಂದು ಒಳಗಿಟ್ಟಿದ್ದ ಕೆಂಪು ಬಲ್ಬಿನ ಬೆಳಕಿಗೆ ಅದು ಫಳಕ್ ಎನ್ನುತ್ತಿತ್ತು; ಅಷ್ಟು ಒಳ್ಳೆಯ ಹೊಳಪನ್ನು ಮುಚ್ಚಲು ಅವನಿಗೆ ಮನಸ್ಸು ಬರಲಿಲ್ಲ.

ಅಷ್ಟರಲ್ಲಿ ಅತ್ತೆಗೆ ಮಂಡಿಯ ಆಪರೇಷನ್ ಆಯಿತು. ಗುಣವಾಗುವವರೆಗೆ ಮಗಳ ಮನೆಯಲ್ಲೇ ಇರಬೇಕಾಯಿತು. ಬಚ್ಚಲಿಗೆ ಹತ್ತಿರವಿದ್ದದ್ದು ಮುಂದಿನ ಕೋಣೆ. ಅಲ್ಲೇ ಮಂಚ ಹಾಕಿದರು. ಮಂಚದ ಎಡಕ್ಕೆ ಹಲ್ಲು ಕಟ್ಟುವ ಮೇಜು, ಬಲಕ್ಕೆ ಕಾಡಿನ ಮನೆ.

ಮೊದಲ ದಿನ ಅತ್ತೆ ಆ ಕಡೆ ನೋಡದಂತೆ ಮಲಗಿದರು. ಎರಡನೆಯ ದಿನ ಮಗಳನ್ನು ಕರೆದು, "ಇಲ್ಲಿ ಎಷ್ಟು ಜನ ಇರ್ತಾರೆ ಕೇಳು" ಎಂದರು.

"ಏಳು ಜನ ಅಂತ ಹೇಳು" ಎಂದ ಅವನು, ಕೈಯಲ್ಲಿದ್ದ ಹಲ್ಲಿನಿಂದ ತಲೆಯೆತ್ತದೆ.

"ಮಂಚ?"

"ಒಂದು."

"ಏಳು ಜನಕ್ಕೆ ಒಂದು ಮಂಚ. ಇದು ಮನೆಯಾ, ವೇಟಿಂಗ್ ರೂಮಾ ಅಂತ ಕೇಳು."

ಹೆಂಡತಿ ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ಮರುದಿನ ಒಂದರ ಮೇಲೊಂದು ಮಂಚಗಳು ಬಂದವು. ಅತ್ತೆ ಕನ್ನಡಕ ಏರಿಸಿ ನೋಡಿ, "ಎಲ್ಲಾ ಸರಿ, ಕಕ್ಕಸು ಎಲ್ಲಿ ಅಂತ ಕೇಳು" ಎಂದರು.

"ಇದು ಕಾಡಿನ ಮನೆ ಅಂತ ಹೇಳು."

"ಕಾಡು ಅಂದ ತಕ್ಷಣ ಎಲ್ಲೆಂದರಲ್ಲಿ ಹೋಗಬಹುದಾ ಅಂತ ಕೇಳು. ಇಬ್ಬರು ಹೆಣ್ಣುಮಕ್ಕಳಿದಾರೆ ಇದರಲ್ಲಿ."

ಅವನಿಗೆ ಈ ಮಾತು ನಾಟಿತು. ಮನೆಯ ಹಿಂಬದಿಗೆ ಸೇರಿಸಿ ಒಂದು ಪುಟ್ಟ ಕಕ್ಕಸು ಕಟ್ಟಿದ. ಹಲ್ಲಿನ ಬಿಳಿ ಸಾಮಾನಿನಿಂದಲೇ ಕಮೋಡು ಎರಕ ಹೊಯ್ದ. ಬಾಗಿಲಿಗೆ ಹಿತ್ತಾಳೆ ತಂತಿಯ ಚಿಲಕ ಮಾಡಿದ. ಚಿಮಟದಲ್ಲಿ ಹಿಡಿದು ಎಳೆದರೆ ಅದು ಟಿಕ್ ಎಂದು ಕೂರುತ್ತಿತ್ತು. ಅಷ್ಟೇನೂ ಆಲೋಚಿಸದೆ ಹೆಂಡತಿಯನ್ನು ಕರೆದು ಅದನ್ನು ಎರಡು ಸಲ ಹಾಕಿ ತೆಗೆದು ತೋರಿಸಿದ. ಅಲ್ಲೇ ಎಡವಟ್ಟಾದದ್ದು.

ಯಾಕೆಂದರೆ ಇವರ ಸ್ವಂತ ಬಚ್ಚಲುಮನೆಯ ಚಿಲಕ ಮುರಿದು ಯಾವುದೋ ಕಾಲವಾಗಿತ್ತು. ಒಳಗೆ ಹೋದವರು ಆಗಾಗ ಕೆಮ್ಮುತ್ತಿರಬೇಕು ಎಂಬುದೇ ಆ ಮನೆಯ ಏರ್ಪಾಡು. ಹೆಂಡತಿ ಆ ಚಿಲಕವನ್ನು ನೋಡಿದಳು, ಗಂಡನನ್ನು ನೋಡಿದಳು.

"ಅರ್ಧ ಅಡಿ ಮನುಷ್ಯರಿಗೆ ಚಿಲಕ ಇದೆ. ನನಗೆ ಕೆಮ್ಮು ಇದೆ" ಎಂದಳು. ದನಿ ಏರಿಸಲಿಲ್ಲ. "ಇವತ್ತಿಂದ ನಾನು ಯಾರಿಗೂ ಏನೂ ಹೇಳೋದಿಲ್ಲ, ಏನೂ ಕೇಳೋದಿಲ್ಲ. ಬಚ್ಚಲಿಗೆ ಚಿಲಕ ಬರೋವರೆಗೂ ಅಂಚೆ ಕಚೇರಿ ಬಂದ್." ಚಪ್ಪಲಿ ಮೆಟ್ಟಿಕೊಂಡು ಕೆಲಸಕ್ಕೆ ಹೊರಟಳು.

ಮನೆಯಲ್ಲಿ ಉಳಿದವರು ಇಬ್ಬರು. ಅವನು ಏಣಿಯನ್ನು ಮೇಲಿನ ಮಂಚಕ್ಕೆ ಅಂಟಿಸಲು ಗೋಂದು ಹಚ್ಚಿಕೊಂಡ. ಅತ್ತೆ ನೋಡುತ್ತಿದ್ದರು. ಏಣಿಯ ಮೆಟ್ಟಿಲುಗಳ ನಡುವೆ ಅಂತರ ಹೆಚ್ಚಾಗಿತ್ತು. ಹೊಸ ಮಂಡಿ ಹಾಕಿಸಿಕೊಂಡವರಿಗೆ ಇಂಥದು ಬೇಗ ಕಾಣುತ್ತದೆ. ಗಂಟಲು ಸರಿಮಾಡಿಕೊಂಡರು. ಹೇಳಲು ಯಾರೂ ಇಲ್ಲ. ಕೊನೆಗೆ ಕಾಡಿನ ಮನೆಯ ಜಗಲಿಯಲ್ಲಿ ನಿಂತಿದ್ದ ಸೈನಿಕನನ್ನು ಎತ್ತಿಕೊಂಡು ಹೊದಿಕೆಯ ಮೇಲೆ ನಿಲ್ಲಿಸಿ, "ನೋಡಪ್ಪಾ, ಆ ಏಣಿ ಹತ್ತಿದ್ರೆ ನಿನ್ನ ಕಾಲು ಹೋಗುತ್ತೆ ಅಂತ ಅವರಿಗೆ ಹೇಳು" ಎಂದರು.

ಅವನು ತಿರುಗಿ ಸೈನಿಕನನ್ನೇ ನೋಡಿ, "ಅಳತೆ ಸರಿಯಾಗಿದೆ ಅಂತ ಹೇಳಪ್ಪ" ಎಂದ.

"ಅಳತೆ ಪುಸ್ತಕದಲ್ಲಿ ಸರಿಯಾಗಿರುತ್ತೆ. ಹತ್ತೋನಿಗೆ ಸರಿಯಾಗಬೇಕಲ್ಲ. ಲಾಡ್ಜಲ್ಲಿ ಇಂಥ ಏಣಿಯಿಂದ ಪೇಂಟರ್ ಒಬ್ಬ ಬಿದ್ದಿದ್ದ ಅಂತ ಹೇಳು."

"ಏನಾಯ್ತಂತೆ ಅವನಿಗೆ, ಕೇಳು."

"ಬಣ್ಣದ ಡಬ್ಬಿ ಮೇಲೆ ಬಿದ್ದ. ಅವನಿಗೇನೂ ಆಗಲಿಲ್ಲ, ಮೂರನೇ ನಂಬರ್ ರೂಮಿನೋರು ಹಸಿರಾದ್ರು ಅಂತ..."

ಇಷ್ಟರಲ್ಲಿ ಸೈನಿಕನ ಮಂಡಿ ಮಡಚಿತು. ಅವನ ಒಂದು ಮಂಡಿ ಹಿಂದಿನಿಂದಲೂ ಸಡಿಲ. ಮುಗ್ಗರಿಸಿ ಮಂಚದ ಅಂಚಿಗೆ ಉರುಳಿದ. ಇಬ್ಬರೂ ಒಟ್ಟಿಗೆ ಕೈಚಾಚಿದರು. "ಹಿಡೀರಿ ಅಳಿಯಂದ್ರೇ" ಎಂದರು ಅತ್ತೆ. "ನೀವು ಬಗ್ಗಬೇಡಿ ಅತ್ತೆ, ಹೊಲಿಗೆ ಬಿಟ್ಟೀತು" ಎಂದ ಅವನು. ಹೇಳಿದ ಮೇಲೆ ಇಬ್ಬರಿಗೂ ಗೊತ್ತಾಯಿತು. ಸೈನಿಕ ನೆಲದ ಮೇಲೆ ಬೋರಲು ಬಿದ್ದಿದ್ದ. ಅವನು ಬಗ್ಗಿ ಎತ್ತಿಕೊಂಡ.

"ಸಿಕ್ಕಿದನಾ?" ಎಂದರು ಅತ್ತೆ.

"ಸಿಕ್ಕಿದ" ಎಂದ ಅವನು.

ನೇರ ಮಾತು ಶುರುವಾದ ಮೇಲೆ ಮೊದಲು ನಡೆದದ್ದು ಬಚ್ಚಲಿನ ಚಿಲಕದ ಕೆಲಸ. ಅವನು ಅಂಗಡಿಗೆ ಹೋಗಿ ಒಂದು ಚಿಲಕ ತಂದ. ತಿಂಗಳುಗಟ್ಟಲೆ ಅಂಗುಲದ ಲೆಕ್ಕದಲ್ಲೇ ಬದುಕಿದ್ದ ಅವನ ಕಣ್ಣಿಗೆ ಅದು ದೊಡ್ಡದಾಗಿಯೇ ಕಂಡಿತ್ತು. ಅತ್ತೆ ಅದನ್ನು ಅಂಗೈಯಲ್ಲಿ ಇಟ್ಟುಕೊಂಡು, "ಇದು ಒಡವೆ ಪೆಟ್ಟಿಗೆಗೆ ಹಾಕೋದು. ನಿಮ್ಮ ಹೆಂಡತಿ ಅಷ್ಟು ಸಣ್ಣಗಿಲ್ಲ, ಬದಲಾಯಿಸಿಕೊಂಡು ಬನ್ನಿ" ಎಂದರು. ಎರಡನೆಯ ಸಲ ತಂದದ್ದು ಗೇಟಿಗೆ ಹಾಕುವಂಥದ್ದು. ಬಚ್ಚಲಿನ ಬಾಗಿಲಿಗೆ ಅದನ್ನೇ ಜಡಿದರು. ಸಂಜೆ ಹೆಂಡತಿ ಬಂದವಳು ಒಳಗೆ ಹೋಗಿ ಧಡಾರ್ ಎಂದು ಚಿಲಕ ಹಾಕಿಕೊಂಡು, ಬಹಳ ಹೊತ್ತು ಕೆಮ್ಮದೆ ಕೂತಿದ್ದಳು.

ಆಮೇಲೆ ಕಾಡಿನ ಮನೆಯ ಆಡಳಿತ ಅತ್ತೆಯ ಕೈಗೆ ಹೋಯಿತು. ಹಳೆಯ ದಿಂಬಿನ ಚೀಲ ಕತ್ತರಿಸಿ ಗೇಣುದ್ದದ ಹಾಸಿಗೆ, ಹೊದಿಕೆ ಹೊಲಿದರು. ಹೊದಿಕೆಯ ತುದಿಯನ್ನು ಲಾಡ್ಜಿನಲ್ಲಿ ಮಾಡುತ್ತಿದ್ದಂತೆ ತ್ರಿಕೋನವಾಗಿ ಮಡಚಿ ಒಳಗೆ ಸೇರಿಸಿದರು. ಯಾರಿಗೆ ಯಾವ ಜಾಗ ಎಂಬುದರ ವಿಚಾರಣೆ ನಡೆಯಿತು.

"ಈ ತಗಡಿನೋನು ಮಲಗ್ತಾನಾ?"

"ಇಲ್ಲ ಅತ್ತೆ, ರೋಬೋಟು. ಚಾರ್ಜ್ ಆಗ್ತಾನೆ."

"ಹಾಗಾದ್ರೆ ಮಂಚ ಯಾಕೆ ದಂಡ. ಪ್ಲಗ್ ಪಾಯಿಂಟ್ ಕೊಡಿ ಸಾಕು. ಈ ಕೆಂಪು ಬಟ್ಟೆಯೋನು?"

"ಅವನು ಹಾರ್ತಾನೆ."

"ಹಾರೋನು ಬಾಗಿಲಲ್ಲಿ ಹೋಗ್ತಾನೋ ಕಿಟಕೀಲಿ ಹೋಗ್ತಾನೋ? ಕಿಟಕಿಯಲ್ಲಾದ್ರೆ ಕೆಳಗಿನ ಮಂಚ ಕೊಡಬೇಡಿ, ಮಲಗಿರೋರನ್ನ ತುಳೀತಾನೆ."

ಜಟ್ಟಿಯದು ದೊಡ್ಡ ಸಮಸ್ಯೆಯಾಯಿತು. ಅವನ ತೋಳುಗಳು ಬಾಗಿಲಿನಲ್ಲಿ ಹಿಡಿಸುತ್ತಿರಲಿಲ್ಲ. ಬಾಗಿಲು ಅಗಲಿಸಿ ಎಂದರು ಅತ್ತೆ. ಒಂದೊಂದೇ ದಿಮ್ಮಿ ಕೂರಿಸಿದ ಗೋಡೆಗೆ ಗರಗಸ ಹಾಕುವುದಿಲ್ಲ ಎಂದ ಅವನು. "ಬಂದ ಗಿರಾಕೀನ ಹೊಸಿಲಲ್ಲಿ ನಿಲ್ಲಿಸೋದಾ" ಎಂದು ಅವರು, "ನನ್ನ ಮನೆ ನನ್ನ ಗೋಡೆ" ಎಂದು ಇವನು. ಅರ್ಧ ದಿನ ಮುಖ ತಿರುಗಿಸಿಕೊಂಡು ಕೂತರು. ಸಂಜೆಗೆ ಅತ್ತೆಯೇ, "ಕಾವಲಿಗೂ ಒಬ್ಬ ಬೇಕಲ್ಲ" ಎಂದು ಜಟ್ಟಿಯನ್ನು ಜಗಲಿಯ ಬೆಂಚಿನ ಮೇಲೆ ಕೂರಿಸಿದರು. ಮುಖವಾಡದವನ ವಿಷಯದಲ್ಲಿ ಮಾತ್ರ ಜಗ್ಗಲಿಲ್ಲ. "ಮುಖ ಮುಚ್ಚಿಕೊಂಡು ಬಂದೋನಿಗೆ ನಾನು ಯಾವತ್ತೂ ರೂಮು ಕೊಟ್ಟೋಳಲ್ಲ." ಮುಖವಾಡ ಮುಖಕ್ಕೇ ಅಂಟಿ ಬಂದಿದೆ, ತೆಗೆಯಲಾಗುವುದಿಲ್ಲ ಎಂದು ಅವನು ವಿವರಿಸಿದ. "ಎಲ್ಲರೂ ಹಾಗೇ ಹೇಳೋದು" ಎಂದರು ಅತ್ತೆ. ಮುಖವಾಡದವನು ಸೌದೆಯ ರಾಶಿಯ ಹಿಂದೆ ಉಳಿದ.

ಬೆಂಕಿಗೂಡಿನ ಮುಂದೆ ಅವರು ದಿನಾ ಸ್ವಲ್ಪ ಹೊತ್ತು ಕೂರುತ್ತಿದ್ದರು. "ಕಲ್ಲು ಚೆನ್ನಾಗಿ ಆರಿಸಿದೀರಿ. ಆ ಹಿತ್ತಾಳೆ ಚೂರು ಒಂದು ಮುದ್ದಾಗಿದೆ" ಎಂದರು ಒಮ್ಮೆ. ಅವನ ಕೈಲಿದ್ದ ಹಲ್ಲು ಜಾರಿ ಬಿತ್ತು.

ಸಮುದಾಯ ಭವನದಲ್ಲಿ ಹವ್ಯಾಸಗಳ ಪ್ರದರ್ಶನ ಇಟ್ಟಿದ್ದಾರೆಂದು ತಿಳಿದಾಗ, ಹೋಗೋಣ ಎಂದವರೂ ಅತ್ತೆಯೇ. ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಮನೆಯನ್ನು ಕೂರಿಸಿ, ಮನುಷ್ಯರು ಎರಡು ಪಕ್ಕಕ್ಕೆ ಒತ್ತಿಕೊಂಡು ಹೋದರು. ಭವನದಲ್ಲಿ ಮೇಜಿನ ಹಿಂದೆ ಕುರ್ಚಿ ಹಾಕಿಸಿಕೊಂಡು ಕೂತ ಅತ್ತೆ, ಬಂದವರಿಗೆಲ್ಲ ಮಂಚ, ಏಣಿ, ಕಕ್ಕಸು, ಚಿಲಕ ತೋರಿಸಿದರು. ಪಕ್ಕದ ಮೇಜಿನಲ್ಲಿ ಬೆಂಕಿಕಡ್ಡಿಯ ಹಡಗು ಇತ್ತು. ಅದರ ಯಜಮಾನನ ಹತ್ತಿರ ಜನ ನಿಲ್ಲಲಿಲ್ಲ.

ತೀರ್ಪುಗಾರರಾಗಿ ಬಂದವರು ನಿವೃತ್ತ ಚಿತ್ರಕಲೆಯ ಟೀಚರು. ಬಹಳ ಹೊತ್ತು ನೋಡಿದರು. ಬೆರಳು ಒಳಗೆ ಚಾಚಿ ಬೆಂಕಿಗೂಡನ್ನು ಸವರಿ, "ಈ ಕಲ್ಲುಗಳು ನಿಜವಾದವೇ ಅನ್ನಿಸುತ್ತೆ. ಎಲ್ಲಿ ಸಿಕ್ಕಿದವು?" ಎಂದು ಕೇಳಿದರು.

ಸುಳ್ಳು ಹೇಳಲು ಅವನಿಗೆ ಎಂದೂ ಬರುತ್ತಿರಲಿಲ್ಲ. "ಕಲ್ಲಲ್ಲ ಮೇಡಂ. ಹಲ್ಲು."

ಟೀಚರು ಬೆರಳು ಹಿಂದಕ್ಕೆ ತೆಗೆದುಕೊಂಡು ಸೆರಗಿಗೆ ಒರೆಸಿಕೊಂಡರು. "ಯಾರ ಹಲ್ಲು?"

"ಮಾಡಿದ ಹಲ್ಲು. ಸರಿಬರಲಿಲ್ಲ ಅಂತ ವಾಪಸ್ ಬಂದವು."

ಅತ್ತೆ ಕನ್ನಡಕ ಹಾಕಿಕೊಂಡು ಬಗ್ಗಿದರು. ಕೆಂಪು ಬೆಳಕಿನಲ್ಲಿ ಆ ಹಿತ್ತಾಳೆ ಚೂರು ಫಳಕ್ ಎಂದಿತು. ಹೆಂಡತಿ ಹೊರಗೆ ಹೋಗುವ ಬಾಗಿಲು ಎಲ್ಲಿದೆಯೆಂದು ನೋಡಿದಳು.

"ಆ ಚಿನ್ನದ್ದು ನನ್ನದು" ಎಂದರು ಅತ್ತೆ.

ಗುಂಪಿನಲ್ಲಿ ಯಾರೋ ಒಬ್ಬರು, "ಅತ್ತೆ ಹಲ್ಲನ್ನ ಒಲೆಗೆ ಹಾಕಿದಾನಲ್ಲಪ್ಪಾ ಅಳಿಯ" ಎಂದರು. ಹತ್ತಿರ ನಿಂತವರೆಲ್ಲ ನಕ್ಕರು. ಹಡಗಿನ ಯಜಮಾನ ಎಲ್ಲರಿಗಿಂತ ಜೋರಾಗಿ ನಕ್ಕ. ಹಲ್ಲು ಮೇಸ್ತ್ರಿ ತಲೆ ತಗ್ಗಿಸಿ ಛಾವಣಿಯ ಪಾಚಿಯನ್ನು ಸುಮ್ಮನೆ ಒತ್ತುತ್ತಿದ್ದ. ಅತ್ತೆ ಕೋಲು ಊರಿ ಎದ್ದು ನಿಂತರು.

"ನಗೋಕೇನಿದೆ ಇದರಲ್ಲಿ? ನಿಮ್ಮತ್ತೆ ಹಲ್ಲು ಎಲ್ಲಿದೆ ಹೇಳಿ ನೋಡೋಣ" ಎಂದು ಹಡಗಿನವನನ್ನು ಕೇಳಿದರು. "ಗೊತ್ತಿಲ್ಲ ಅಲ್ವಾ? ನಾನು ಮುಖಕ್ಕೆ ಎಸೆದ ಹಾಗೆ ವಾಪಸ್ ಕೊಟ್ಟಿದ್ದು. ನನ್ನ ಅಳಿಯ ಇಷ್ಟು ವರ್ಷ ಜೋಪಾನ ಮಾಡಿ, ಮನೆಯಲ್ಲಿ ಎಲ್ಲರಿಗೂ ಕಾಣೋ ಜಾಗದಲ್ಲಿ ಇಟ್ಟಿದಾರೆ, ದೀಪ ಬೇರೆ ಹಾಕಿ." ಉಸಿರೆಳೆದುಕೊಂಡು, ಎಲ್ಲಿ ಅಳಿಯನನ್ನು ಅತಿಯಾಗಿ ಹೊಗಳಿದಂತಾಯಿತೋ ಎಂದು, "ಆ ಸೆಟ್ಟು ಕೆಟ್ಟದಾಗಿತ್ತು, ಅದು ಬೇರೆ ಮಾತು. ಈಗ ಹಾಕಿರೋದು ನೋಡಿ, ಬೇರೆ ಡಾಕ್ಟರ ಹತ್ತಿರ ಮಾಡಿಸಿದ್ದು. ಹಲ್ಲು ಅಂದ್ರೆ ಇದು" ಎಂದು ಟೀಚರಿಗೆ ಎರಡೂ ಸಾಲು ತೋರಿಸಿದರು.

ಹೆಂಡತಿಗೆ ತಡೆಯಲಾಗಲಿಲ್ಲ. "ಅಮ್ಮ, ಅದನ್ನ ಮಾಡಿದ್ದೂ ಇವರೇ."

ಅತ್ತೆ ತೆರೆದ ಬಾಯಿ ಹಾಗೇ ಇತ್ತು. ಆಮೇಲೆ ನಿಧಾನವಾಗಿ ಮುಚ್ಚಿ ಕುರ್ಚಿಯಲ್ಲಿ ಕೂತರು. ಟೀಚರು ಏನೋ ಬರೆದುಕೊಂಡು ಸರಸರನೆ ಹಡಗಿನ ಕಡೆಗೆ ನಡೆದರು.

ಬಹುಮಾನ ಹಡಗಿಗೆ ಬಂತು. ಕಾಡಿನ ಮನೆಗೆ 'ವಿಶಿಷ್ಟ ಸಾಮಗ್ರಿಯ ಬಳಕೆಗಾಗಿ' ಎಂದು ಒಂದು ಪ್ರಮಾಣಪತ್ರ ಕೊಟ್ಟರು.

ಹಿಂದಿರುಗುವಾಗ ಟ್ಯಾಕ್ಸಿಯಲ್ಲಿ ಅತ್ತೆ ಮಾತಾಡಲಿಲ್ಲ. ಅಂಚೆ ಕಚೇರಿ ಮತ್ತೆ ತೆರೆಯಬೇಕಾಗುತ್ತದೆಂದು ಹೆಂಡತಿ ಮನಸ್ಸಿನಲ್ಲೇ ಹೆದರಿದಳು. ಅವನು ಮನೆಯ ಛಾವಣಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಅರ್ಧ ದಾರಿ ಕಳೆದ ಮೇಲೆ ಅತ್ತೆ, ಛಾವಣಿಯ ಮೇಲಿನಿಂದ ಅವನ ಕಡೆ ಕತ್ತು ಚಾಚಿ, "ಅಳಿಯಂದ್ರೇ" ಎಂದರು.

"ಹೇಳಿ ಅತ್ತೆ."

"ಕೆಳಗಿನ ಸೆಟ್ಟು ಎಡಗಡೆ ಒತ್ತುತ್ತೆ. ಮೊದಲಿಂದಾನೂ ಒತ್ತುತ್ತೆ. ಯಾರಿಗೆ ಹೇಳಬೇಕು ಅಂತ ಇಷ್ಟು ದಿನ ಗೊತ್ತಾಗಲಿಲ್ಲ."

"ಬಾಯಿ ತೆಗೀರಿ ನೋಡೋಣ."

ಅತ್ತೆ ಬಾಯಿ ತೆಗೆದರು. ಅವನು ಛಾವಣಿಯನ್ನು ಹೆಂಡತಿಯ ಕೈಗೆ ಕೊಟ್ಟು, ಮೊಬೈಲಿನ ಬೆಳಕು ಬಿಟ್ಟು ನೋಡಿದ. ಡ್ರೈವರು ಕನ್ನಡಿಯಲ್ಲಿ ಇದನ್ನೆಲ್ಲ ಕಂಡು, ಯಾಕೋ ಗಾಡಿಯನ್ನು ಸ್ವಲ್ಪ ನಿಧಾನ ಮಾಡಿದ.

ಒತ್ತುವ ಜಾಗವನ್ನು ಅವನು ಉಜ್ಜಿ ಸರಿಮಾಡಿಕೊಟ್ಟ. ಮಂಡಿ ಗಟ್ಟಿಯಾದ ಮೇಲೆ ಅತ್ತೆ ತಮ್ಮ ಮನೆಗೆ ಹೋದರು. ಬೇಸಿಗೆಯಲ್ಲಿ ಒಂದು ದಿನ ಕಾಡಿನ ಮನೆಗೆ ಇರುವೆಗಳು ನುಗ್ಗಿದವು. ಐಸ್‌ಕ್ರೀಮ್ ಕಡ್ಡಿಗಳಲ್ಲಿ ಎಲ್ಲೋ ಸಿಹಿ ಉಳಿದಿತ್ತೇನೋ, ಸಾಲುಗಟ್ಟಿ ಛಾವಣಿ ಹತ್ತಿ ಮೇಲಿನ ಮಂಚದಲ್ಲಿ ಮೊಟ್ಟೆ ಇಡತೊಡಗಿದ್ದವು. ಅವನಿಗೆ ಕೈಕಾಲು ಆಡಲಿಲ್ಲ. ಅತ್ತೆಗೆ ಫೋನು ಮಾಡಿದ. ಅವರು ಲವಂಗದ ಎಣ್ಣೆಯಿಂದ ಶುರು ಮಾಡಿ, ಯಾವ ಮೂಲೆಗೆ ಮೊದಲು, ಯಾವುದಕ್ಕೆ ಆಮೇಲೆ, ಹಾಸಿಗೆ ಎಷ್ಟು ಹೊತ್ತು ಬಿಸಿಲಿಗೆ ಎಂದು ಒಂದೊಂದಾಗಿ ಹೇಳುತ್ತಾ ಹೋದರು. ಲವಂಗದ ಎಣ್ಣೆ ಹಲ್ಲಿನವನ ಮನೆಯಲ್ಲಿ ಇದ್ದೇ ಇತ್ತು. ಅವನು ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಎಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ಚಿಮಟದಲ್ಲಿ ಹಿಡಿದು, "ಹೂಂ ಅತ್ತೆ, ಹೂಂ" ಎನ್ನುತ್ತಾ, ಒಂದೊಂದೇ ದಿಮ್ಮಿಯ ಸಂದಿಗೆ ಒತ್ತುತ್ತಾ ಬಂದ.